ಆಸ್ತಮಾ ಜೊತೆಗೆ ಪಲ್ಮನರಿ ಹೈಪರ್‌ಟೆನ್ಷನ್: ಎದೆ ಹಿಡಿದಾಗ ಯಾವುದರಿಂದ ಎಂದು ಹೇಗೆ ತಿಳಿಯುತ್ತೀರಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು ನಲವತ್ತಾರು. ಆಸ್ತಮಾ ಚಿಕ್ಕಂದಿನಿಂದ ಇದೆ, ಅದರ ಜಾಯಮಾನ ನನಗೆ ಗೊತ್ತು. ಕಳೆದ ವರ್ಷ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರಲು ಶುರುವಾಯಿತು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಬಲಭಾಗ ಹಿಗ್ಗಿದೆ ಎಂದರು. ಆಮೇಲೆ ಬೆಂಗಳೂರಿನಲ್ಲಿ ಕ್ಯಾಥೆಟರ್ (ತೆಳು ಕೊಳವೆ) ಹಾಕಿ ಒತ್ತಡ ಅಳೆದು ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚುವ ಕಾಯಿಲೆ (ಪಿ.ಎಚ್.) ಎಂದು ಖಚಿತಪಡಿಸಿದರು. ಈಗ ಆ ಒತ್ತಡಕ್ಕೆ ಟಡಾಲಾಫಿಲ್, ಆಂಬ್ರಿಸೆಂಟಾನ್ ಮಾತ್ರೆಗಳ ಜೊತೆಗೆ ಆಸ್ತಮಾಕ್ಕೆ ಬುಡೆಸೊನೈಡ್-ಫಾರ್ಮೊಟೆರಾಲ್ ಇನ್ಹೇಲರ್ ನಡೆಯುತ್ತಿದೆ.

ನನ್ನ ತೊಂದರೆ ಇದು. ಮೊದಲು ಎದೆ ಬಿಗಿದರೆ ಇನ್ಹೇಲರ್ ಎಳೆದುಕೊಂಡು ಕೂರುತ್ತಿದ್ದೆ, ಯೋಚನೆಯೇ ಇರಲಿಲ್ಲ. ಈಗ ಎರಡನೆಯ ಬಗೆಯ ಎದೆಭಾರ ಸೇರಿಕೊಂಡಿದೆ. ಮೇಲಿನ ಮಹಡಿಯ ಒಂಬತ್ತನೆಯ ತರಗತಿಗೆ ಹೋಗುವಾಗ ಎದೆಯ ನಡುವೆ ರುಬ್ಬುಗುಂಡು ಇಟ್ಟ ಹಾಗಾಗುತ್ತದೆ. ಕೆಲವು ದಿನ ಎರಡೂ ಒಟ್ಟಿಗೆ ಬರುತ್ತವೆ. ಆಗ ಇನ್ಹೇಲರ್ ತೆಗೆದುಕೊಳ್ಳಬೇಕೋ, ಸುಮ್ಮನೆ ಕೂರಬೇಕೋ, ಆಸ್ಪತ್ರೆಗೆ ಓಡಬೇಕೋ ತಿಳಿಯುವುದಿಲ್ಲ. ಮನೆಯಲ್ಲಿ ಅತ್ತೆಯವರು "ಗ್ಯಾಸು, ಓಮದ ಕಷಾಯ ಕುಡಿ" ಎನ್ನುತ್ತಾರೆ. ಎರಡೂ ಇರುವವರು ಅಥವಾ ಇಂಥವರನ್ನು ನೋಡಿಕೊಳ್ಳುತ್ತಿರುವವರು ನೀವು ಹೇಗೆ ನಿರ್ಧರಿಸುತ್ತೀರಿ ಎಂದು ತಿಳಿಸಿ.

ಕಾಫಿಪುಡಿ
ನಮ್ಮ ನಾಡಿನಲ್ಲಿ ಎದೆನೋವಿಗೆ ಮೊದಲ ವೈದ್ಯರು ಅತ್ತೆ, ಎರಡನೆಯವರು ಗೋಲಿ ಸೋಡಾ ಅಂಗಡಿಯವರು. ಹೃದ್ರೋಗ ತಜ್ಞರ ಸರದಿ ಬರುವುದು ಇವರಿಬ್ಬರೂ ಕೈಚೆಲ್ಲಿದ ಮೇಲೆ.

ಅರ್ಧಉಸಿರು
ಮೇಡಂ, ನನಗೂ ಎರಡೂ ಇವೆ, ಬಹಳ ವರ್ಷಗಳಿಂದ. ನಾನು ನನಗಾಗಿ ಮಾಡಿಕೊಂಡ ಲೆಕ್ಕ ಹೇಳುತ್ತೇನೆ.

ಆಸ್ತಮಾದ ಬಿಗಿತ ಕುಳಿತಲ್ಲೇ, ಮಲಗಿದಲ್ಲೇ ಬರುತ್ತದೆ. ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಅದು ಹೆಚ್ಚು. ಕೆಮ್ಮು ಜೊತೆಗಿರುತ್ತದೆ, ಉಸಿರು ಬಿಡುವಾಗ ಸುಯ್ ಎಂದು ಸದ್ದು ಬರುತ್ತದೆ. ಇನ್ಹೇಲರ್ ತೆಗೆದುಕೊಂಡು ಕಾಲು ಗಂಟೆಯಲ್ಲಿ ಸಡಿಲವಾಗುತ್ತದೆ. ಪಿ.ಎಚ್. ಭಾರ ಹಾಗಲ್ಲ. ಅದು ಶ್ರಮಕ್ಕೆ ಅಂಟಿಕೊಂಡಿದೆ: ಮೆಟ್ಟಿಲು, ಏರುದಾರಿ, ಬಕೆಟ್ ಎತ್ತುವುದು, ಊಟದ ನಂತರ ಬೇಗ ನಡೆಯುವುದು. ಸದ್ದಿಲ್ಲ, ತಲೆ ಹಗುರವಾಗುತ್ತದೆ, ನಿಂತರೆ ಇಳಿಯುತ್ತದೆ. ಆಗ ಸಾಲ್ಬುಟಮಾಲ್ (ಶ್ವಾಸನಾಳ ಬೇಗ ಸಡಿಲಿಸುವ ಇನ್ಹೇಲರ್) ಎಳೆದರೆ ಭಾರ ಇಳಿಯುವುದಿಲ್ಲ, ಎದೆ ಮಾತ್ರ ದಡಬಡ ಬಡಿಯುತ್ತದೆ.

ಒಂದು ಪೀಕ್ ಫ್ಲೋ ಮೀಟರ್ (ಉಸಿರನ್ನು ಎಷ್ಟು ರಭಸವಾಗಿ ಊದಬಲ್ಲಿರಿ ಎಂದು ಅಳೆಯುವ ಸಾಧನ) ಇಟ್ಟುಕೊಳ್ಳಿ. ಚೆನ್ನಾಗಿರುವ ದಿನಗಳಲ್ಲಿ ಊದಿ ನಿಮ್ಮ ಅತ್ಯುತ್ತಮ ಅಂಕಿ ಬರೆದಿಡಿ. ಕಷ್ಟವಾದಾಗ ಊದಿ, ಅದರ ನೂರಕ್ಕೆ 80ಕ್ಕಿಂತ ಮೇಲಿದ್ದರೆ ಶ್ವಾಸನಾಳಗಳ ತಪ್ಪು ಕಡಿಮೆ ಎಂದು ನಾನು ತಿಳಿಯುತ್ತೇನೆ.

ಬಿಳಿಸೆರಗು
ಎದೆರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು ನಾನು. ಅರ್ಧಉಸಿರು ಅವರ ಲೆಕ್ಕ ಬಹುಮಟ್ಟಿಗೆ ಸರಿ, ಆದರೆ ಒಂದು ಕಡೆ ತಡೆಯಲೇಬೇಕು. ಪೀಕ್ ಫ್ಲೋ ಚೆನ್ನಾಗಿದೆ ಎಂದರೆ ಶ್ವಾಸನಾಳ ತೆರೆದಿದೆ ಎಂದಷ್ಟೇ ಅರ್ಥ. ಹೃದಯ ಸರಿಯಿದೆ ಎಂದಲ್ಲ. ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಹಾಗೆಯೇ. ಪಿ.ಎಚ್. ಇರುವ ಎಷ್ಟೋ ಜನರಿಗೆ ಕುಳಿತಾಗ 97 ತೋರಿಸುತ್ತದೆ, ನಡೆದಾಗ ಕುಸಿಯುತ್ತದೆ. ಉಗುರು ಬಣ್ಣ, ತಣ್ಣನೆಯ ಕೈ ಇದ್ದರೆ ಅಂಕಿಯನ್ನು ನಂಬಲೂ ಆಗದು.

ಈ ನೋವು ಬರುವುದೇಕೆ ಎಂದು ತಿಳಿದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಬಲಗಡೆಯ ಹೃತ್ಕುಕ್ಷಿ ಕಡಿಮೆ ಒತ್ತಡದಲ್ಲಿ ಕೆಲಸ ಮಾಡಲು ಹುಟ್ಟಿದ ತೆಳು ಗೋಡೆಯ ಕೋಣೆ. ಶ್ವಾಸಕೋಶದ ರಕ್ತನಾಳಗಳು ಕಿರಿದಾದಾಗ ಅದು ಹೆಚ್ಚು ಬಲ ಹಾಕಬೇಕು, ದಪ್ಪವಾಗುತ್ತದೆ, ಹಿಗ್ಗುತ್ತದೆ. ಆ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಿದ್ದರೆ ಹೃದಯಾಘಾತದ ನೋವನ್ನೇ ಹೋಲುವ ನೋವು ಬರುತ್ತದೆ. ಕೆಲವರಲ್ಲಿ ಉಬ್ಬಿದ ಪಲ್ಮನರಿ ಅಪಧಮನಿ ಪಕ್ಕದ ಹೃದಯದ ರಕ್ತನಾಳವನ್ನು ಒತ್ತುವುದೂ ಉಂಟು. ಆದ್ದರಿಂದ ಹೊಸ ಬಗೆಯ ನೋವು ಬಂದರೆ "ನನ್ನ ಹಳೆಯ ಕಾಯಿಲೆಯದೇ" ಎಂದು ಬಿಡಬೇಡಿ, ನಿಮ್ಮ ವೈದ್ಯರಿಗೆ ಹೇಳಿ.

ಮನೆಯಲ್ಲಿ ಕೂತು ಲೆಕ್ಕ ಹಾಕಬಾರದ ಸಂದರ್ಭಗಳಿವೆ. ಶ್ರಮದಲ್ಲಿ ಎಚ್ಚರ ತಪ್ಪುವುದು, ತುಟಿ ನೀಲಿಯಾಗುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದ ಉಬ್ಬಸ, ಕಫದಲ್ಲಿ ರಕ್ತ, ದವಡೆಗೋ ಎಡಗೈಗೋ ಹರಿಯುವ ನೋವು, ಬೆವರು, ಒಂದೇ ಕಾಲು ಊದಿಕೊಂಡು ಎದೆ ಚುಚ್ಚುವುದು, ಕುಳಿತ ಮೇಲೂ ಇಳಿಯದ ಭಾರ. ಇವಕ್ಕೆ 108. ಸ್ಕೂಟರ್ ಹಿಂದೆ ಕೂತು ಹೋಗುವುದಲ್ಲ.

ಕಾಫಿಪುಡಿ
ನಾನು ತಮಾಷೆಗೆ ಹೇಳಿದ್ದೆ. ಈಗ ನನಗೇ ಎದೆ ಹಿಡಿದಂತಿದೆ.

ಬಿಳಿಸೆರಗು
ಮತ್ತೊಂದು ಮಾತು, ಬಹಳ ಮುಖ್ಯ. ತುಂಗಾತೀರ ಅವರೇ, ನೀವು ಟಡಾಲಾಫಿಲ್ ತೆಗೆದುಕೊಳ್ಳುತ್ತಿದ್ದೀರಿ. ಎದೆನೋವು ಎಂದ ಕೂಡಲೇ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ) ಇಡಲು ಯಾರಾದರೂ ಬಂದರೆ ಬೇಡ ಎನ್ನಿ. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯಬಹುದು. ಟಡಾಲಾಫಿಲ್ ತೆಗೆದುಕೊಂಡ 48 ಗಂಟೆಯೊಳಗೆ ನೈಟ್ರೇಟ್ ಕೊಡಬಾರದು, ಅದೇ ಬಗೆಯ ಸಿಲ್ಡೆನಾಫಿಲ್ ಆದರೆ 24 ಗಂಟೆ. ನೀವಂತೂ ಟಡಾಲಾಫಿಲ್ ಅನ್ನು ದಿನವೂ ನುಂಗುವವರು, ಆದ್ದರಿಂದ ಎಂದಿಗೂ ಇಲ್ಲ. ಆಂಬುಲೆನ್ಸಿನವರಿಗೂ ಮೊದಲ ಮಾತಾಗಿ ಇದನ್ನೇ ಹೇಳಬೇಕು.

ಹಳ್ಳಿಮೇಷ್ಟ್ರು
ಇದು ಕಟ್ಟುಕತೆಯಲ್ಲ. ನಮ್ಮ ತಂದೆಗೆ ಸಿಲ್ಡೆನಾಫಿಲ್ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತರು. ಪಕ್ಕದ ಎಲೆಯಲ್ಲಿ ಊಟಕ್ಕೆ ಕುಳಿತಿದ್ದ ಒಬ್ಬರು ಜೇಬಿನಿಂದ ಸಾರ್ಬಿಟ್ರೇಟ್ ತೆಗೆದು, ಪೊಟ್ಟಣ ಹರಿದು, ಮಾತ್ರೆಯನ್ನು ಬೆರಳಲ್ಲಿ ಹಿಡಿದು ಸಿದ್ಧರಾಗಿದ್ದರು. ಒಳ್ಳೆಯ ಮನಸ್ಸಿನಿಂದಲೇ. ನನ್ನ ತಂಗಿ ಬಡಿಸುವ ಸೌಟನ್ನು ಅಲ್ಲೇ ಬಿಟ್ಟು ಓಡಿಬಂದು ಅವರ ಕೈಯನ್ನು ತಳ್ಳಿಬಿಟ್ಟಳು. ಆ ಮನುಷ್ಯರಿಗೆ ಬಹಳ ಅವಮಾನವಾಯಿತು. ಇವತ್ತಿಗೂ ನಮ್ಮೊಡನೆ ಮಾತಿಲ್ಲ.

ಇನ್ನು ಔಷಧ ಅಂಗಡಿಯ ಕತೆಯೇ ಬೇರೆ. ಎಪ್ಪತ್ತೆರಡರ ಮುದುಕರಿಗೆ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧವೇ), ಅದೂ ದಿನಕ್ಕೆ ಮೂರು ಬಾರಿ ಎಂದು ಚೀಟಿ ಕೊಟ್ಟರೆ ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗಿನವನನ್ನು ಕರೆದ. ಇಬ್ಬರೂ ನಕ್ಕರು. ಚೀಟಿಯ ಮೇಲೆ ಶ್ವಾಸಕೋಶದ ಒತ್ತಡಕ್ಕೆ ಎಂದು ವೈದ್ಯರಿಂದಲೇ ಬರೆಸಿಕೊಂಡ ಮೇಲೆ ನಗು ನಿಂತಿತು.

ಅರ್ಧಉಸಿರು
ಅಯ್ಯೋ, ಈ ಅಂಗಡಿಯ ನಗು ನನಗೂ ಗೊತ್ತು. ಹೆಂಗಸು ಹೋಗಿ ಕೇಳಿದರೆ ಇನ್ನೂ ವಿಚಿತ್ರವಾಗಿ ನೋಡುತ್ತಾರೆ.

ಮಳೆಗಾಲ
ನನಗೆ ಆಸ್ತಮಾ ಮಾತ್ರ ಇದೆ. ಇದನ್ನೆಲ್ಲ ಓದಿ ಗಾಬರಿಯಾಗಿದೆ. ಆಸ್ತಮಾ ಹಳೆಯದಾದರೆ ಪಿ.ಎಚ್. ಆಗಿಬಿಡುತ್ತದೆಯೇ?

ಬಿಳಿಸೆರಗು
ಇಲ್ಲ ತಾಯಿ. ಹತೋಟಿಯಲ್ಲಿರುವ ಆಸ್ತಮಾ ಒಂದರಿಂದಲೇ ಪಿ.ಎಚ್. ಬರುವುದು ತೀರ ಅಪರೂಪ. ವೈದ್ಯರು ಪಿ.ಎಚ್. ಅನ್ನು ಐದು ಗುಂಪು ಮಾಡುತ್ತಾರೆ. ರಕ್ತನಾಳದ್ದೇ ಕಾಯಿಲೆ ಒಂದನೆಯದು. ಎಡಗಡೆಯ ಹೃದಯದ ತೊಂದರೆಯಿಂದ ಬರುವುದು ಎರಡನೆಯದು. ನಮ್ಮಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇದರಲ್ಲಿ ಬಹಳ. ಸಿ.ಒ.ಪಿ.ಡಿ. (ಹೊಗೆಯಿಂದ ಶ್ವಾಸಕೋಶ ಕೆಡುವಂಥ ದೀರ್ಘಕಾಲದ ಕಾಯಿಲೆ), ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಮೂರನೆಯದು. ಶ್ವಾಸಕೋಶದಲ್ಲಿ ಕರಗದೆ ಉಳಿದ ಹಳೆಯ ರಕ್ತದ ಹೆಪ್ಪು ನಾಲ್ಕನೆಯದು. ಇತರೆ ಎಲ್ಲ ಐದು. ಆ ನಾಲ್ಕನೆಯದನ್ನು ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಅದಕ್ಕೇ ಆ ಹೆಪ್ಪು ಹುಡುಕುವ ವಿ/ಕ್ಯೂ ಸ್ಕ್ಯಾನ್ ಮಾಡಿಸಿದ್ದಾರೆಯೇ ಎಂದು ಎಲ್ಲರನ್ನೂ ಕೇಳುತ್ತಿರುತ್ತೇನೆ.

ಗಮನಿಸಬೇಕಾದದ್ದು ಇಷ್ಟು: ಇನ್ಹೇಲರ್ ಸರಿಯಾಗಿ ತೆಗೆದುಕೊಂಡರೂ ಏದುಸಿರು ಹೆಚ್ಚುತ್ತಲೇ ಹೋದರೆ "ಆಸ್ತಮಾ ಜೋರಾಗಿದೆ" ಎಂದು ಡೋಸ್ ಏರಿಸುತ್ತಾ ಕೂರುವ ಬದಲು ಒಂದು ಎಕೋ ಕೇಳಿ.

ಲೆಕ್ಕಿಗ
ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಬರೆಯಿರಿ. ನಮ್ಮ ಚಿಕ್ಕಪ್ಪ "ನನ್ನ ಬಿ.ಪಿ. 120/80, ನನಗೆಲ್ಲಿಯ ಹೈಪರ್‌ಟೆನ್ಷನ್" ಎಂದು ವಾದಿಸಿ ಮಾತ್ರೆ ಬಿಟ್ಟಿದ್ದರು. ಶ್ವಾಸಕೋಶದ ಒತ್ತಡ ಬೇರೆ. 2022ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ವಿಶ್ರಾಂತಿಯಲ್ಲಿ ಆ ಒತ್ತಡ ಸರಾಸರಿ 20 (ಮಿ.ಮೀ. ಪಾದರಸ) ದಾಟಿದರೆ ಪಿ.ಎಚ್., ಮೊದಲು 25 ಎಂದಿತ್ತು. ಎಕೋ ಹೇಳುವುದು ಅಂದಾಜು, ಕ್ಯಾಥೆಟರ್ ಹೇಳುವುದೇ ನಿಜ.

ಜೋಳದರೊಟ್ಟಿ
ಇಷ್ಟೆಲ್ಲ ಯಾಕೆ? ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಆಸ್ತಮಾಕ್ಕೆಂದು ಮೀನಿನ ಪ್ರಸಾದ (ಔಷಧ ತುಂಬಿದ ಜೀವಂತ ಮರಿಮೀನು) ಕೊಡುತ್ತಾರೆ. ನಮ್ಮ ಸೋದರಮಾವ ನುಂಗಿ ಬಂದರು, ಆ ವರ್ಷ ಉಬ್ಬಸವೇ ಬರಲಿಲ್ಲ. ಮೀನು ತಿನ್ನದವರಿಗೆ ಬೆಲ್ಲದಲ್ಲೂ ಕೊಡುತ್ತಾರೆ.

ಲೆಕ್ಕಿಗ
ಸ್ವಾಮಿ, ಆಸ್ತಮಾ ಸ್ವಭಾವತಃ ಏರಿಳಿಯುವ ಕಾಯಿಲೆ. ಏನೂ ನುಂಗದವರಿಗೂ ಒಂದು ವರ್ಷ ಉಬ್ಬಸ ಬಾರದೆ ಇರಬಹುದು. ಮಾವನವರು ಮುಂದಿನ ವರ್ಷ ಹೇಗಿದ್ದರು?

ಜೋಳದರೊಟ್ಟಿ
ಮುಂದಿನ ವರ್ಷ ಮತ್ತೆ ಬಂತು. ಮೂರು ವರ್ಷ ಬಿಡದೆ ತೆಗೆದುಕೊಳ್ಳಬೇಕಂತೆ, ಅವರು ಒಂದೇ ವರ್ಷ ಹೋಗಿದ್ದು.

ಕಾಫಿಪುಡಿ
ಮೀನಿಗೂ ಕೋರ್ಸ್ ಇದೆಯೆಂದು ಇವತ್ತು ತಿಳಿಯಿತು.

ಬಿಳಿಸೆರಗು
ನಂಬಿಕೆಯ ಮಾತು ನಿಮಗೆ ಬಿಟ್ಟದ್ದು ಅಣ್ಣ. ಪಿ.ಎಚ್. ಇರುವವರನ್ನು ಜೂನ್ ತಿಂಗಳ ಆ ನೂಕುನುಗ್ಗಲಿನಲ್ಲಿ ಸಾಲು ನಿಲ್ಲಿಸಬೇಡಿ, ನಡೆಯುತ್ತಿರುವ ಔಷಧ ನಿಲ್ಲಿಸಬೇಡಿ. ಹೆಸರಿಲ್ಲದ ಉಬ್ಬಸದ ಪುಡಿಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಲವದರಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಮೊದಲ ವಾರ ಪವಾಡದಂತೆ ಉಬ್ಬಸ ಹೋಗುತ್ತದೆ, ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಬಲಗಡೆಯ ಹೃದಯ ಬಳಲಿರುವವರಿಗೆ ಆ ನೀರೇ ದೊಡ್ಡ ಶತ್ರು.

ಅಡಿಕೆಚೊಗರು
ಹೊಗೆಯ ಬಗ್ಗೆ ಯಾರೂ ಮಾತನಾಡಲಿಲ್ಲವಲ್ಲ. ನಮ್ಮ ಮಲೆನಾಡಿನ ಬಚ್ಚಲುಮನೆ ನೋಡಿದ್ದೀರಾ? ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುರುಕಿರುತ್ತಾರೆ. ಅದು ಉರಿಯುವುದಿಲ್ಲ, ಹೊಗೆಯಾಡುತ್ತದೆ, ಮಳೆಗಾಲದಲ್ಲಂತೂ ಒದ್ದೆ ಸಿಪ್ಪೆಯ ಹೊಗೆ ಹೆಂಚಿನ ಸಂದಿನಿಂದಲೂ ಹೋಗದೆ ಒಳಗೇ ಸುತ್ತುತ್ತದೆ. ಅಮ್ಮ ಬೆಳಗ್ಗೆ ಐದಕ್ಕೆ ಊದುಗೊಳವೆ ಹಿಡಿದು ಅದರ ಮುಂದೆ ಕೂರುತ್ತಿದ್ದರು, ಬೀಡಿ ಸೇದಿದವರಲ್ಲ. ಅರವತ್ತಕ್ಕೆ ಸಿ.ಒ.ಪಿ.ಡಿ., ಆಮೇಲೆ ಕಾಲು ಊತ, ಆಮೇಲೆ ಪಿ.ಎಚ್. ಅಡುಗೆಮನೆಗೆ ಗ್ಯಾಸ್ ಬಂದು ಇಪ್ಪತ್ತು ವರ್ಷವಾಗಿತ್ತು, ಬಚ್ಚಲಿಗೆ ಮಾತ್ರ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸೋಲಾರ್ ಹಾಕಿಸಿದ್ದು ಅವರು ಆಮ್ಲಜನಕದ ಯಂತ್ರ ಹಿಡಿದ ಮೇಲೆ.

ತುಂಗಾತೀರ
ನಮ್ಮ ಮನೆಯ ಬಚ್ಚಲೂ ಅದೇ. ಇವತ್ತೇ ಯಜಮಾನರಿಗೆ ಓದಿ ಹೇಳುತ್ತೇನೆ.

ಹಳ್ಳಿಮೇಷ್ಟ್ರು
ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟು ಎಲ್ಲವೂ ಆ ಪಟ್ಟಿಯಲ್ಲಿವೆ. ಗೃಹಪ್ರವೇಶದ ಹೋಮಕ್ಕೆ ನಾನು ಹೊರಗೇ ಕೂರುತ್ತೇನೆ.

ಜೋಳದರೊಟ್ಟಿ
ಹೋಮದ ಹೊಗೆ ಗಾಳಿಯನ್ನು ಶುದ್ಧ ಮಾಡುತ್ತದೆ.

ಹಳ್ಳಿಮೇಷ್ಟ್ರು
ಗಾಳಿ ಶುದ್ಧವಾಗುವವರೆಗೆ ನಾನು ಹೊರಗಿರುತ್ತೇನೆ ಬಿಡಿ.

ಬಯಲುಸೀಮೆ
ಇನ್ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದು, ಚಟವಾಗುತ್ತದೆ, ಮಾತ್ರೆಯೇ ಮೇಲು ಎಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?

ಬಿಳಿಸೆರಗು
ಸಾಲ್ಬುಟಮಾಲ್ ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅದೇ ಔಷಧದ ಮಾತ್ರೆ 2 ಅಥವಾ 4 ಮಿಲಿಗ್ರಾಂ. ಅಂದರೆ ಮಾತ್ರೆಯಲ್ಲಿ ಇಪ್ಪತ್ತು, ನಲವತ್ತು ಪಟ್ಟು ಹೆಚ್ಚು, ಅದೂ ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿಸಿ ಆಮೇಲೆ ಶ್ವಾಸನಾಳಕ್ಕೆ ತಲುಪುತ್ತದೆ. ಯಾವುದು ಮೇಲು ಎಂದು ನೀವೇ ಹೇಳಿ.

ಅಪಾಯ ಇರುವುದು ತಕ್ಷಣ ಆರಾಮ ಕೊಡುವ ನೀಲಿ ಬಣ್ಣದ ಸಾಲ್ಬುಟಮಾಲ್ ಇನ್ಹೇಲರನ್ನೇ ನಂಬಿ, ಉರಿಯೂತ ಇಳಿಸುವ ದಿನನಿತ್ಯದ ಇನ್ಹೇಲರನ್ನು ಮೂಲೆಗಿಡುವುದರಲ್ಲಿ. ಸಾಲ್ಬುಟಮಾಲ್ ಒಂದನ್ನೇ ಕೊಡುವ ಪದ್ಧತಿ ಬೇಡವೆಂದು ಗಿನಾ ಎಂಬ ಅಂತಾರಾಷ್ಟ್ರೀಯ ಆಸ್ತಮಾ ಸಂಸ್ಥೆ 2019ರಲ್ಲೇ ಹೇಳಿದೆ. ಒತ್ತುವ ಬಗೆಯ ಇನ್ಹೇಲರಾದರೆ ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಡಬ್ಬಿ) ಬಳಸಿ. ಸ್ಟೀರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಹಾಗೆಯೇ, ಅತ್ತೆಯವರ ಪರವಾಗಿ ಒಂದು ಮಾತು. ಟಡಾಲಾಫಿಲ್, ಸಿಲ್ಡೆನಾಫಿಲ್ ತೆಗೆದುಕೊಳ್ಳುವವರಿಗೆ ಅಜೀರ್ಣ, ಹುಳಿತೇಗು ಸಾಮಾನ್ಯ. ಹುಳಿ ಮೇಲೆ ಬಂದರೆ ಆಸ್ತಮಾ ಕೂಡ ಕೆಣಕುತ್ತದೆ. ಮಲಗಿದಾಗ ಎದೆ ಉರಿ, ಬಾಯಿಗೆ ಹುಳಿ ಬಂದಂತೆ ಇದ್ದರೆ ವೈದ್ಯರ ಬಳಿ ಅದನ್ನೂ ಹೇಳಿ. ಆದರೆ ಗ್ಯಾಸ್ ಎಂಬ ತೀರ್ಪು ಕೊನೆಗೆ ಬರಬೇಕು, ಮೊದಲಿಗಲ್ಲ.

ಕಾಫಿಪುಡಿ
ಅತ್ತೆಯವರಿಗೆ ಈ ಒಂದು ಪ್ಯಾರಾ ತೋರಿಸಬೇಡಿ ಮೇಡಂ.

ಅರ್ಧಉಸಿರು
ನೀರಿನ ವಿಷಯ ಬಂದಿತಲ್ಲ. ದಿನಾ ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ನೀರು. ಸಂಜೆ ಕಾಲುಚೀಲ ಬಿಚ್ಚಿದಾಗ ಎಲಾಸ್ಟಿಕ್ಕಿನ ಗೆರೆ ಆಳವಾಗಿ ಉಳಿದಿದ್ದರೆ ಅದೂ ಸೂಚನೆಯೇ. ಆಂಬ್ರಿಸೆಂಟಾನ್ ಕೂಡ ಪಾದ ಊದಿಸುತ್ತದೆ, ಆದ್ದರಿಂದ ಯಾವುದರಿಂದ ಎಂದು ವೈದ್ಯರೇ ನೋಡಬೇಕು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ನನಗೆ ಹಬ್ಬಕ್ಕೂ ಇಲ್ಲ. ನಾಲಿಗೆ ಶಪಿಸುತ್ತದೆ.

ಬಯಲುಸೀಮೆ
ನೀರು ಇಳಿಸುವ ಮಾತ್ರೆ ನುಂಗಿ ಬಸ್ಸಿನಲ್ಲಿ ಹೋಗುವುದು ಹೇಗೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಮ್ಮ ಅಕ್ಕ ಪ್ರಯಾಣದ ದಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ತುಂಗಾತೀರ
ಶಾಲೆಯಲ್ಲೂ ಅದೇ ಪಾಡು. ಶಿಕ್ಷಕಿಯರ ಶೌಚಾಲಯ ಮೈದಾನದ ಆಚೆ ಇದೆ. ಎರಡು ಪಿರಿಯಡ್ ತಡೆದುಕೊಂಡು ನಿಲ್ಲುತ್ತೇನೆ.

ಬಿಳಿಸೆರಗು
ಬಿಡುವುದಕ್ಕಿಂತ ಹೊತ್ತು ಬದಲಿಸುವುದು ಮೇಲು. ಶಾಲೆಯಿಂದ ಬಂದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಬಹಳಷ್ಟು ಜನ ಒಪ್ಪುತ್ತಾರೆ. ಕೇಳಲು ನಾಚಿಕೆ ಬೇಡ.

ಸಾಗರದಾಚೆ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಅಮ್ಮನನ್ನು ಇಲ್ಲಿಗೆ ಕರೆಸುವ ಮೊದಲು ಅವರ ತಜ್ಞರು ವಿಮಾನದ ಬಗ್ಗೆ ಎಚ್ಚರಿಸಿದರು. ಒಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯಬಹುದು. ಮುಳ್ಳಯ್ಯನಗಿರಿಗಿಂತಲೂ ಎತ್ತರ, ಅದೂ ಹದಿನೈದು ಗಂಟೆ. ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳಗಳು ಇನ್ನಷ್ಟು ಮುದುಡುತ್ತವೆ. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ, ಒಯ್ಯಬಹುದಾದ ಆಮ್ಲಜನಕ ಯಂತ್ರಕ್ಕೆ ಅನುಮತಿ ಪಡೆದು ಕರೆತಂದೆವು. ಆದರೆ ಅವರಿಗೆ ನ್ಯೂಜೆರ್ಸಿ ಬೇಕಿರಲಿಲ್ಲ, ಕೇದಾರನಾಥ ಬೇಕಿತ್ತು. ಅದು 3,500 ಮೀಟರಿಗೂ ಮೇಲೆ. ಬೇಡವೆಂದದ್ದಕ್ಕೆ ಇಂದಿಗೂ ಮುನಿಸು.

ಲೆಕ್ಕಿಗ
ಚಾಮುಂಡಿ ಬೆಟ್ಟಕ್ಕೆ ಬಸ್ ಹೋಗುತ್ತದೆ ಎಂದು ಹೇಳಿ. ಸಾವಿರ ಮೆಟ್ಟಿಲು ಹತ್ತಿದವರಿಗೂ ಬಸ್ಸಿನಲ್ಲಿ ಬಂದವರಿಗೂ ಅಮ್ಮನ ದರ್ಶನ ಒಂದೇ.

ಹೊಸಹೆಜ್ಜೆ
ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನಗೆ ಇಪ್ಪತ್ತೇಳು, ಒಂದನೆಯ ಗುಂಪಿನ ಪಿ.ಎಚ್. ಇದೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಮದುವೆಯಾದ ಮೇಲೆ ಹೇಳಿದರಾಯಿತು ಎಂದು ದೊಡ್ಡಮ್ಮ ಹೇಳುತ್ತಾರೆ.

ಜೋಳದರೊಟ್ಟಿ
ದೊಡ್ಡಮ್ಮ ಹೇಳುವುದರಲ್ಲೂ ಅರ್ಥವಿದೆ. ಮೊದಲೇ ಹೇಳಿದರೆ ಯಾರು ಮುಂದೆ ಬರುತ್ತಾರೆ?

ಅರ್ಧಉಸಿರು
ದಯವಿಟ್ಟು ಹಾಗೆ ಹೇಳಬೇಡಿ. ಇದು ಕನ್ನಡಕದ ನಂಬರ್ ಮುಚ್ಚಿಡುವ ವಿಷಯವಲ್ಲ.

ಬಿಳಿಸೆರಗು
ಮಗಳೇ, ಖಂಡಿತ ಕೇಳಬಹುದು. ಈ ಕಾಯಿಲೆಯಲ್ಲಿ ಗರ್ಭ ಧರಿಸುವುದು ತಾಯಿಯ ಜೀವಕ್ಕೇ ದೊಡ್ಡ ಅಪಾಯ, ಆದ್ದರಿಂದ ತಜ್ಞರು ಬೇಡವೆನ್ನುತ್ತಾರೆ. ಇದಕ್ಕೆ ಕೊಡುವ ಬೋಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೂ ಹಾನಿ ಮಾಡುತ್ತವೆ. ಮುಚ್ಚಿಟ್ಟು ಮದುವೆಯಾದರೆ ಆರು ತಿಂಗಳಿಗೆ "ವಿಶೇಷ ಏನೂ ಇಲ್ಲವೇ" ಎಂದು ಕೇಳಲು ಶುರುಮಾಡುತ್ತಾರೆ, ಆಗ ಮಾತ್ರೆ ಬಚ್ಚಿಟ್ಟುಕೊಂಡು ನುಂಗುವ ಪಾಡು. ಮದುವೆ ಬೇಡ ಎಂದು ನಾನು ಹೇಳುವುದಿಲ್ಲ. ಹುಡುಗನಿಗೆ ತಿಳಿದಿರಲಿ, ವೈದ್ಯರ ಬಳಿ ಇಬ್ಬರೂ ಒಟ್ಟಿಗೆ ಹೋಗಿ ಗರ್ಭನಿರೋಧದ ಬಗ್ಗೆ ಮಾತನಾಡಿ.

ಹೊಸಹೆಜ್ಜೆ
ಧನ್ಯವಾದ ಅಮ್ಮ. ದೊಡ್ಡಮ್ಮನಿಗೆ ನಾನೇ ಹೇಳುತ್ತೇನೆ.

ತುಂಗಾತೀರ
ಎಲ್ಲರೂ ಬಿಡುವು ಮಾಡಿಕೊಂಡು ಬರೆದಿದ್ದೀರಿ. ಒಂದು ವಿಷಯ ಉಳಿಯಿತು. ತರಗತಿಯನ್ನು ಕೆಳಗಿನ ಮಹಡಿಗೆ ಬದಲಿಸಿ ಎಂದು ಕೇಳಿದರೆ "ನೋಡಲು ಚೆನ್ನಾಗಿಯೇ ಇದ್ದೀರಲ್ಲ" ಎಂಬ ಉತ್ತರ ಬರುತ್ತದೆ. ಕುಂಟುತ್ತಿದ್ದರೆ ನಂಬುತ್ತಿದ್ದರೋ ಏನೋ.

ಹಳ್ಳಿಮೇಷ್ಟ್ರು
ಬಾಯಿಮಾತಿನಲ್ಲಿ ಕೇಳಬೇಡಿ. ಮೆಟ್ಟಿಲು ಹತ್ತುವುದನ್ನು ತಪ್ಪಿಸಬೇಕು ಎಂದು ತಜ್ಞರಿಂದ ಬರೆಸಿಕೊಂಡು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ. ನೀವು ಕೆಳಗಿಳಿಯುವ ಬದಲು ಒಂಬತ್ತನೆಯ ತರಗತಿಯೇ ಕೆಳಗಿಳಿಯಲಿ, ಹುಡುಗರ ಕಾಲು ಗಟ್ಟಿಯಾಗಿರುತ್ತವೆ. ಸೀಮೆಸುಣ್ಣದ ಧೂಳಿಗೆ ಒಣ ಡಸ್ಟರ್ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ. ಅದನ್ನೂ ಮಕ್ಕಳಿಗೇ ಬಿಡಿ, ನೀವು ಬಾಗಿಲ ಬಳಿ ನಿಲ್ಲಿ.

ಲೆಕ್ಕಿಗ
ಜೊತೆಗೆ ಒಂದು ಕಾರ್ಡ್ ಮಾಡಿ ಗುರುತಿನ ಚೀಟಿಯ ಹಿಂದೆ ಇಡಿ. ಕಾಯಿಲೆಯ ಹೆಸರು, ಮಾತ್ರೆಗಳು, ಮನೆಯವರ ಫೋನ್, ಕೆಂಪು ಅಕ್ಷರದಲ್ಲಿ "ಸಾರ್ಬಿಟ್ರೇಟ್ ಅಥವಾ ಯಾವುದೇ ನೈಟ್ರೇಟ್ ಕೊಡಬಾರದು". ಸಹೋದ್ಯೋಗಿ ಒಬ್ಬರಿಗೆ ಅದು ಎಲ್ಲಿದೆ ಎಂದು ತೋರಿಸಿಡಿ.

ತುಂಗಾತೀರ
ಇದು ಒಳ್ಳೆಯ ಯೋಚನೆ. ನಮ್ಮ ವಿಜ್ಞಾನ ಶಿಕ್ಷಕಿಗೆ ತೋರಿಸುತ್ತೇನೆ.

ಬಿಳಿಸೆರಗು
ಕಾರ್ಡಿನಲ್ಲಿ ಇನ್ಹೇಲರಿನ ಔಷಧದ ಹೆಸರನ್ನೂ ಡೋಸ್ ಸಹಿತ ಬರೆಯಿರಿ. "ನೀಲಿ ಪಂಪ್, ಕೆಂಪು ಪಂಪ್" ಎಂದು ಬರೆದುಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿದೆ, ರಾತ್ರಿ ಪಾಳಿಯ ವೈದ್ಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಾತ್ರೆ ಬದಲಾದಾಗ ಕಾರ್ಡೂ ಬದಲಾಗಲಿ, ಕೆಳಗೆ ತಾರೀಖು ಹಾಕಿ.